ಪ್ಲಾಂಟ್ ನೋಡಿಕೊಳ್ಳುತ್ತಿದ್ದ ನಾನು ಬಿಸಿನೆಸ್ ನೋಡಲು ಕಲಿತದ್ದು

11 ವರ್ಷ ನಾನು ಪ್ಲಾಂಟ್ ಮ್ಯಾನೇಜರ್ ಆಗಿದ್ದೆ. ಮೊದಲ ಶಿಫ್ಟ್ ಶುರುವಾಗುವ ಹೊತ್ತಿಗೆ ಒಳಗಿರುತ್ತಿದ್ದೆ. ಯಾವ ಮೆಷಿನ್ ಎಂಥ ಸದ್ದು ಮಾಡಿದರೆ ಏನು ತೊಂದರೆ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಆ ಕೆಲಸ ನನಗೆ ತುಂಬ ಇಷ್ಟವಿತ್ತು. ಆಮೇಲೆ ಇಡೀ ವಿಭಾಗವನ್ನೇ ನನ್ನ ಕೈಗೆ ಕೊಟ್ಟರು. ತಯಾರಿಕೆ, ಮಾರಾಟ, ಖರೀದಿ, ಲೆಕ್ಕ ಎಲ್ಲವೂ ಅದರಲ್ಲಿ ಬಂತು. ಲಾಭ ಬಂದರೂ ನಷ್ಟ ಬಂದರೂ ಉತ್ತರ ಕೊಡಬೇಕಾದವನು ನಾನು.

ಮೊದಲ ಮೂರು ತಿಂಗಳು ನಾನು ಮಾಡಿದ್ದು ಹಳೆಯ ಕೆಲಸವನ್ನೇ. ಕುರ್ಚಿ ಬದಲಾಗಿತ್ತು, ಕಾಲು ಮಾತ್ರ ದಿನಾ ಶಾಪ್ ಫ್ಲೋರ್‌ಗೇ ಹೋಗುತ್ತಿತ್ತು. ನನ್ನ ಜಾಗಕ್ಕೆ ಬಂದ ಹುಡುಗ ಚುರುಕಾಗಿದ್ದ. ಆದರೂ ಅವನ ಬೆಳಗಿನ ಮೀಟಿಂಗ್‌ಗೆ ಹೋಗಿ ಕೂರುತ್ತಿದ್ದೆ. ಯಾರಾದರೂ ಏನಾದರೂ ಕೇಳಿದರೆ ಅವನು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಹೇಳಿಬಿಡುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ದಿನ ಗಮನಿಸಿದೆ, ಅಲ್ಲಿದ್ದವರೆಲ್ಲ ಅವನನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಮಾರನೆಯ ದಿನದಿಂದ ಹೋಗುವುದು ನಿಲ್ಲಿಸಿದೆ. ತುಂಬ ಕಷ್ಟವಾಯಿತು. ನನಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ ಕೆಲಸ, ಅದನ್ನೇ ಬಿಡಬೇಕಾಗಿತ್ತು.

ಆದರೆ ಬಿಸಿನೆಸ್ ಅಂದರೆ ಏನು ಅಂತ ನನಗೆ ತೋರಿಸಿಕೊಟ್ಟವರು ನಮ್ಮ ಲೆಕ್ಕ ವಿಭಾಗದ ಮುಖ್ಯಸ್ಥೆ. ನಾಲ್ಕನೇ ತಿಂಗಳ ಲೆಕ್ಕ ಕೈಗೆ ಬಂದಾಗ ನಾನು ಖುಷಿಯಾಗಿದ್ದೆ. ಮೆಷಿನ್‌ಗಳು 90 ಪರ್ಸೆಂಟ್‌ಗಿಂತ ಜಾಸ್ತಿ ಓಡಿದ್ದವು, ಲಾಭವೂ ಏರಿತ್ತು. ಅವರು ಒಳಗೆ ಬಂದು ಬಾಗಿಲು ಹಾಕಿ ಕೂತರು.

"ಸರ್, ಲಾಭ ಬಂದಿದೆ ನಿಜ. ಮುಂದಿನ ತಿಂಗಳು ಸಂಬಳಕ್ಕೆ ದುಡ್ಡು ಎಲ್ಲಿಂದ ಬರುತ್ತೆ ಅಂತ ನೋಡಿದ್ದೀರಾ?"

"ಇಲ್ಲ ಮೇಡಂ. ಲಾಭ ಬಂದಿದೆ ಅಂದಮೇಲೆ ದುಡ್ಡು ಇರಬೇಕಲ್ವಾ?"

ಅವರು ಒಂದು ಹಾಳೆ ತೆಗೆದುಕೊಂಡು ಬರೆದು ತೋರಿಸಿದರು. ತಿಂಗಳಿಗೆ ಬಾಡಿಗೆ, ಮೇಲ್ವಿಚಾರಣೆ, ಮೆಷಿನ್ ಸವಕಳಿ ಹೀಗೆ ಏನೇ ಮಾಡಿದರೂ ತಪ್ಪದ ಕಾರ್ಖಾನೆ ಖರ್ಚು 100 ಅಂತಿಟ್ಟುಕೊಳ್ಳಿ. ನಾವು 80 ಪೀಸ್ ಮಾಡಿ 80 ಮಾರಿದರೆ ಆ 100 ಪೂರ್ತಿ ಈ ತಿಂಗಳ ಲೆಕ್ಕಕ್ಕೆ ಬೀಳುತ್ತದೆ. 100 ಪೀಸ್ ಮಾಡಿ 80 ಮಾತ್ರ ಮಾರಿದರೆ? ಪ್ರತಿ ಪೀಸ್ ಮೇಲೆ 1 ಹಂಚಿಕೆಯಾಗುತ್ತದೆ. ಮಾರಿದ 80ರ ಪಾಲು ಖರ್ಚಿಗೆ ಹೋಗುತ್ತದೆ. ಉಳಿದ 20ರ ಪಾಲು ಸ್ಟಾಕ್‌ನ ಬೆಲೆಯಾಗಿ ಗೋದಾಮಿನಲ್ಲಿ ಕೂರುತ್ತದೆ. ಮಾರಾಟ ಒಂದು ಪೀಸೂ ಹೆಚ್ಚಾಗಿಲ್ಲ, ಆದರೆ ಪುಸ್ತಕದಲ್ಲಿ ಲಾಭ 20 ಜಾಸ್ತಿ. ಅದೇ ಹೊತ್ತಿಗೆ ಆ 20 ಪೀಸಿನ ಕಚ್ಚಾ ಮಾಲಿಗೆ ಕೈಯಿಂದ ದುಡ್ಡು ಹೋಗಿರುತ್ತದೆ.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅಷ್ಟು ವರ್ಷ ನನ್ನನ್ನು ಹೊಗಳಿದ್ದು ಮೆಷಿನ್ ನಿಲ್ಲದಂತೆ ನೋಡಿಕೊಂಡದ್ದಕ್ಕೆ. ಪ್ಲಾಂಟ್ ಮ್ಯಾನೇಜರ್ ಆಗಿ ನಾನು ಮಾಡಿದ್ದು ತಪ್ಪಲ್ಲ, ನನಗೆ ಕೊಟ್ಟ ಅಳತೆಗೋಲು ಅದೇ ಆಗಿತ್ತು. ಕೊಟ್ಟ ಕೆಲಸವನ್ನು ಹೇಗೆ ಚೆನ್ನಾಗಿ ಮಾಡುವುದು ಅಂತ ಯೋಚಿಸುವುದು ಮ್ಯಾನೇಜರ್ ಕೆಲಸ. ಆ ಕೆಲಸ ಈಗ ಬೇಕೇ, ಅದಕ್ಕೆ ಹಾಕುವ ದುಡ್ಡು ಯಾವಾಗ ವಾಪಸ್ ಬರುತ್ತದೆ ಅಂತ ಕೇಳಬೇಕಾದವನು ಈಗ ನಾನಾಗಿದ್ದೆ. ನಾನು ಕೇಳದಿದ್ದರೆ ಬೇರೆ ಯಾರೂ ಕೇಳುತ್ತಿರಲಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಮೇಡಂ ಜೊತೆ ಒಂದು ಗಂಟೆ ಕೂರಲು ಶುರು ಮಾಡಿದೆ. ಮುಂದಿನ 13 ವಾರ ಎಷ್ಟು ದುಡ್ಡು ಬರುತ್ತದೆ, ಎಷ್ಟು ಹೋಗುತ್ತದೆ ಅಂತ ವಾರವಾರವೂ ಬರೆದೆವು. ನಮ್ಮ ಸ್ಟಾಕ್ ಸರಾಸರಿ 75 ದಿನ ಗೋದಾಮಿನಲ್ಲಿ ಕೂರುತ್ತಿತ್ತು. ಗ್ರಾಹಕರು ದುಡ್ಡು ಕೊಡಲು 60 ದಿನ ತೆಗೆದುಕೊಳ್ಳುತ್ತಿದ್ದರು. ಕಚ್ಚಾ ಮಾಲು ಕೊಟ್ಟವರಿಗೆ ನಾವು 45 ದಿನಕ್ಕೆ ಕೊಡುತ್ತಿದ್ದೆವು. 75 ಮತ್ತು 60 ಕೂಡಿಸಿ 45 ಕಳೆದರೆ 90. ಅಂದರೆ ಹಾಕಿದ ದುಡ್ಡು 90 ದಿನ ಸಿಕ್ಕಿಹಾಕಿಕೊಂಡಿರುತ್ತಿತ್ತು. ಮಾರಾಟ ಬೆಳೆದಷ್ಟೂ ಸಿಕ್ಕಿಹಾಕಿಕೊಳ್ಳುವ ದುಡ್ಡೂ ಬೆಳೆಯುತ್ತದೆ. ಬೆಳೆಯುತ್ತಿರುವ ಬಿಸಿನೆಸ್ಸೂ ದುಡ್ಡಿಲ್ಲದೆ ನಿಂತುಹೋಗಬಹುದು ಅಂತ ನನಗೆ ಅರ್ಥವಾದದ್ದು ಆಗಲೇ. ಕೊಡಬೇಕಾದವರಿಗೆ ತಡ ಮಾಡುವುದು ಸುಲಭದ ದಾರಿಯಾಗಿತ್ತು. ನಾನು ಒಪ್ಪಲಿಲ್ಲ. ಸಣ್ಣ ಸಪ್ಲೈಯರ್‌ಗಳ ಹೊಟ್ಟೆ ಮೇಲೆ ಹೊಡೆದು ನಮ್ಮ ಲೆಕ್ಕ ಸರಿ ಮಾಡಿಕೊಳ್ಳುವುದು ನನಗೆ ಬೇಡವಾಗಿತ್ತು. ಸ್ಟಾಕ್ ಇಳಿಸಿದೆವು, ವಸೂಲಿ ಬಿಗಿ ಮಾಡಿದೆವು. 90 ದಿನ 57ಕ್ಕೆ ಬರಲು ಒಂದೂವರೆ ವರ್ಷ ಹಿಡಿಯಿತು.

ಮಾರಾಟ ನನಗೆ ಗೊತ್ತೇ ಇರಲಿಲ್ಲ. ಮಾರಾಟ ವಿಭಾಗದ ಮುಖ್ಯಸ್ಥರು ನನಗಿಂತ ಹಿರಿಯರು. ಅವರ ಮುಂದೆ ಗೊತ್ತಿರುವ ಹಾಗೆ ಮಾತಾಡುವುದಕ್ಕಿಂತ ಕೇಳುವುದೇ ಮೇಲು ಅನ್ನಿಸಿತು. "ಎರಡು ತಿಂಗಳು ನಿಮ್ಮ ಜೊತೆ ಗ್ರಾಹಕರ ಹತ್ತಿರ ಬರುತ್ತೇನೆ, ಮಾತಾಡುವುದಿಲ್ಲ, ಸುಮ್ನೆ ಕೂತು ಕೇಳುತ್ತೇನೆ" ಅಂದೆ. ಅವರು ಒಪ್ಪಿದರು. ಪ್ಲಾಂಟ್‌ನಲ್ಲಿ ನಾವು ಹೆಮ್ಮೆ ಪಡುತ್ತಿದ್ದ ಫಿನಿಶಿಂಗ್ ಬಗ್ಗೆ ಹೆಚ್ಚಿನವರು ಮಾತೇ ಎತ್ತಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹೇಳಿದ ದಿನಕ್ಕೆ ಮಾಲು.

ತ್ರೈಮಾಸಿಕದ ಕೊನೆಗೆ 10 ಪರ್ಸೆಂಟ್ ಡಿಸ್ಕೌಂಟ್ ಕೊಡೋಣ ಅಂತ ಮಾರಾಟದ ಮುಖ್ಯಸ್ಥರು ಕೇಳಿದಾಗ ಮೊದಲಾಗಿದ್ದರೆ ಹೂಂ ಅನ್ನುತ್ತಿದ್ದೆ, ಮೆಷಿನ್ ತುಂಬುತ್ತದಲ್ಲ ಅಂತ. ಈ ಸಲ ಇಬ್ಬರೂ ಕೂತು ಲೆಕ್ಕ ಹಾಕಿದೆವು. 100ಕ್ಕೆ ಮಾರುವ ಮಾಲಿಗೆ ಕಚ್ಚಾ ಮಾಲಿನಂಥ ನೇರ ಖರ್ಚೇ 70. ಉಳಿಯುವುದು 30. ಡಿಸ್ಕೌಂಟ್ ಕೊಟ್ಟರೆ ಉಳಿಯುವುದು 20. ಮೊದಲಿನಷ್ಟೇ ದುಡ್ಡು ಉಳಿಯಬೇಕಾದರೆ ಮಾರಾಟ ಒಂದೂವರೆ ಪಟ್ಟು ಆಗಬೇಕು. ಅಷ್ಟು ಆಗುವುದಿಲ್ಲ ಅಂತ ಅವರೇ ಹೇಳಿದರು. ಡಿಸ್ಕೌಂಟ್ ಮಾತು ಅಲ್ಲಿಗೆ ಮುಗಿಯಿತು.

ನಿದ್ದೆ ಕೆಡಿಸಿದ್ದು ಇನ್ನೊಂದು ನಿರ್ಧಾರ. ಗ್ರಾಹಕರೊಬ್ಬೊಬ್ಬರಿಂದ ಎಷ್ಟು ಉಳಿಯುತ್ತದೆ ಅಂತ ಬೇರೆ ಬೇರೆ ಲೆಕ್ಕ ಹಾಕಿಸಿದೆ. ನಮ್ಮ ಮಾರಾಟದ ಐದನೇ ಒಂದು ಭಾಗ ಕೊಡುತ್ತಿದ್ದ ದೊಡ್ಡ ಗ್ರಾಹಕರಿಂದಲೇ ನಷ್ಟವಾಗುತ್ತಿತ್ತು. ಬೇರೆಯದೇ ಪ್ಯಾಕಿಂಗ್, ಸಣ್ಣ ಸಣ್ಣ ಆರ್ಡರ್, ಪದೇ ಪದೇ ಮೆಷಿನ್ ಸೆಟಪ್ ಬದಲಾವಣೆ, ತಡವಾಗಿ ಬರುವ ದುಡ್ಡು. ಬೆಲೆ ಏರಿಸಿದರೆ ಅವರು ಹೋಗಬಹುದು. ಹೋದರೆ ಒಂದು ಶಿಫ್ಟಿನ ಜನ ಏನು ಮಾಡಬೇಕು? ಆ ಶಿಫ್ಟಿನ ಅರ್ಧ ಜನರನ್ನು ಕೆಲಸಕ್ಕೆ ತೆಗೆದುಕೊಂಡವನೇ ನಾನು. ಮೊದಲು ಅವರಿಗೆ ಬೇರೆ ಲೈನ್‌ನಲ್ಲಿ ತರಬೇತಿ ಕೊಡಿಸಿದೆ. ಅದಕ್ಕೆ ನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಬೆಲೆ ಮಾತಾಡಿದೆ. ಗ್ರಾಹಕರು ಆರ್ಡರ್ ಅರ್ಧಕ್ಕೆ ಇಳಿಸಿದರು, ಉಳಿದದ್ದಕ್ಕೆ ಹೊಸ ಬೆಲೆ ಒಪ್ಪಿದರು. ಆ ವರ್ಷ ನಮ್ಮ ಮಾರಾಟ ಕಡಿಮೆಯಾಯಿತು. ಮೇಲಿನವರಿಗೆ ಯಾಕೆ ಅಂತ ವಿವರಿಸುವುದು ನನ್ನ ಪಾಲಿನ ಕೆಲಸವಾಗಿತ್ತು, ವಿವರಿಸಿದೆ.

ಇಂಥ ನಿರ್ಧಾರಗಳನ್ನು ನಾನೊಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಏನು ನಿರ್ಧರಿಸಿದೆ, ಯಾಕೆ, ತಪ್ಪಾದರೆ ಯಾವಾಗ ಗೊತ್ತಾಗುತ್ತದೆ. ಪ್ಲಾಂಟ್‌ನಲ್ಲಿ ತಪ್ಪು ಮಾಡಿದರೆ ಅದೇ ದಿನ ತಿಳಿಯುತ್ತಿತ್ತು. ಇಲ್ಲಿ ಒಂದು ವರ್ಷ ಬೇಕಾಗಬಹುದು. ಅಷ್ಟರಲ್ಲಿ ನಾವು ಏನು ಯೋಚಿಸಿದ್ದೆವು ಅನ್ನುವುದೇ ಮರೆತಿರುತ್ತದೆ.

ಹೋದ ವರ್ಷ ಪ್ಲಾಂಟ್ ನೋಡಿಕೊಳ್ಳುವ ಹುಡುಗ ಹೊಸ ಮೆಷಿನ್ ಬೇಕು ಅಂತ ಬಂದ. ಆ ಮೆಷಿನ್ ನನಗೆ ಚೆನ್ನಾಗಿ ಗೊತ್ತು, ಅಲ್ಲೇ ಸರಿ ಅಂದುಬಿಡುತ್ತಿದ್ದೆ. ತಡೆದುಕೊಂಡು ಮೂರು ಪ್ರಶ್ನೆ ಕೇಳಿದೆ. ಜಾಸ್ತಿ ಬರುವ ಮಾಲನ್ನು ಯಾರು ಕೊಳ್ಳುತ್ತಾರೆ? ಅವರು ಯಾವಾಗ ದುಡ್ಡು ಕೊಡುತ್ತಾರೆ? ಇದಕ್ಕಾಗಿ ಯಾವ ಖರ್ಚನ್ನು ನಿಲ್ಲಿಸೋಣ? ಅವನು ಮೇಡಂ ಜೊತೆ, ಮಾರಾಟದವರ ಜೊತೆ ಕೂತು ಹತ್ತು ದಿನ ಬಿಟ್ಟು ಬಂದ. "ಸರ್, ದೊಡ್ಡದು ಬೇಡ. ನಮಗೀಗ ಬರೋದೆಲ್ಲ ಸಣ್ಣ ಆರ್ಡರ್. ಸ್ವಲ್ಪ ನಿಧಾನ ಓಡಿದರೂ ಬೇಗ ಸೆಟಪ್ ಆಗೋ ಚಿಕ್ಕ ಮೆಷಿನ್ ಸಾಕು" ಅಂದ. ನಾನಾಗಿದ್ದರೆ ದೊಡ್ಡದನ್ನೇ ತರುತ್ತಿದ್ದೆ.

ಮೊನ್ನೆ ಅದು ಬಂದಿದೆ. ನಾನಿನ್ನೂ ನೋಡಲು ಹೋಗಿಲ್ಲ. ಅವನು ಕರೆದ ದಿನ ಹೋಗುತ್ತೇನೆ.