ಗೋದಲಿಯ ಹಸುರು, ಬಿದಿರಿನ ನಕ್ಷತ್ರ
ಕ್ರಿಸ್ಮಸ್‌ಗೆ ಮನೆಯಲ್ಲಿಯೇ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವವರು ಡಿಸೆಂಬರ್ 13ರ ಸುಮಾರಿಗೆ ಒಂದು ಹಿಡಿ ಭತ್ತವನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಮಣ್ಣು ತುಂಬಿದ ಅಡಿಕೆ ಹಾಳೆಯಲ್ಲಿ ಬಿತ್ತಿದರೆ 24ರ ಸಂಜೆಗೆ ನಿಜವಾದ ಹಸುರು ಸಿದ್ಧವಾಗಿರುತ್ತದೆ. ನಮ್ಮ ಬೇಳ, ಕಾಸರಗೋಡಿನ ಕಡೆ ಹಾಳೆಗೇನೂ ಕೊರತೆಯಿಲ್ಲ.

ನಕ್ಷತ್ರಕ್ಕೆ ಎರಡಡಿ ಉದ್ದದ ಹತ್ತು ಬಿದಿರಿನ ಕಡ್ಡಿಗಳು ಬೇಕು. ಐದೈದು ಕಡ್ಡಿಗಳಿಂದ ಎರಡು ನಕ್ಷತ್ರಗಳನ್ನು ಕಟ್ಟಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ನೂಲಿನಿಂದ ಬಿಗಿದು, ಒಳಗೆ ಕಡ್ಡಿಗಳು ಒಂದನ್ನೊಂದು ಹಾಯುವ ಐದು ಕಡೆಗಳಲ್ಲಿ ನಾಲ್ಕು ಇಂಚಿನ ತುಂಡುಗಳನ್ನು ಸಿಕ್ಕಿಸಿದಾಗ ಅದು ಉಬ್ಬಿ ನಿಲ್ಲುತ್ತದೆ. ಬಣ್ಣದ ಕಾಗದ ಅಂಟಿಸುವ ಮೈದಾ ಅಂಟಿಗೆ ತೋಟಕ್ಕೆ ತಂದ ಮೈಲುತುತ್ತಿನ ಚಿಟಿಕೆ ಬೆರೆಸಿದರೆ ಹುಳ ಹಿಡಿಯುವುದಿಲ್ಲವಾದರೂ ಅದು ವಿಷವಾದ್ದರಿಂದ, ಆ ಕೆಲಸವನ್ನು ದೊಡ್ಡವರೇ ಮಾಡಬೇಕು. ಒಳಗೆ ಮೇಣದ ಬತ್ತಿ ಬೇಡವೇ ಬೇಡ. ಸಣ್ಣ ಎಲ್‌ಇಡಿ ಬಲ್ಬು ಸಾಕು.

ಕಡ್ಡಿ ಕಟ್ಟುವ ಸಂಜೆಯೇ ಕುಸ್ವಾರಿಗೆ, ಅಂದರೆ ಕ್ರಿಸ್ಮಸ್‌ನ ಬಗೆಬಗೆಯ ತಿಂಡಿಗಳಿಗೆ, ನೆವ್ರಿ (ಸಿಹಿ ಹೂರಣ ತುಂಬಿ ಕರಿಯುವ ಕಡುಬು) ಮಡಿಚುವ ಕೆಲಸವನ್ನೂ ಇಟ್ಟುಕೊಳ್ಳಿರಿ. ಅಜ್ಜಿಯ ಬಳಿ ಕುಳಿತ ಮಕ್ಕಳು ಎರಡನ್ನೂ ಕಲಿಯುತ್ತಾರೆ, ಮತ್ತು ನನಗೆ ಈ ಹಬ್ಬದಲ್ಲಿ ಅತ್ಯಂತ ಪ್ರಿಯವಾದ ಹೊತ್ತು ಅದೇ.