ಸ್ಕೂಟರ್ ಟ್ಯೂಬಿನ ಮೇಲೆ ಕೂತ ಇಂಟರ್‌ಫೆರೊಮೀಟರ್

ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬ್ ಇರುವುದು ಬೆಂಗಳೂರಿನ ದೊಡ್ಡ ರಸ್ತೆಯೊಂದರ ಪಕ್ಕದಲ್ಲಿ. ಅಲ್ಲಿ ಬೆಳಕಿನ ಅಲೆಗಳಿಂದ ಅತಿ ಸಣ್ಣ ದೂರ ಅಳೆಯುವ ಮೈಕೆಲ್ಸನ್ ಇಂಟರ್‌ಫೆರೊಮೀಟರ್ ಕಟ್ಟಲು ಹೊರಟಾಗ ನಾನು ಬೆಳಕಿಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಬಸ್ಸುಗಳ ಬಗ್ಗೆ.

ಉಪಾಯ ಸರಳ. ಅರೆ ಲೇಪದ ಗಾಜೊಂದು ಲೇಸರ್ ಬೆಳಕನ್ನು ಎರಡಾಗಿ ಒಡೆಯುತ್ತದೆ, ಅವೆರಡೂ ಬೇರೆ ಬೇರೆ ಕನ್ನಡಿಗೆ ಬಡಿದು ವಾಪಸ್ ಬಂದು ಸೇರಿದಾಗ ಗೋಡೆಯ ಮೇಲೆ ಕೆಂಪು-ಕಪ್ಪು ಪಟ್ಟಿಗಳು ಮೂಡುತ್ತವೆ. ಒಂದು ಕನ್ನಡಿ ಅರ್ಧ ತರಂಗಾಂತರದಷ್ಟು (ಬೆಳಕಿನ ಒಂದು ಅಲೆಯ ಉದ್ದದ ಅರ್ಧದಷ್ಟು) ಸರಿದರೆ ಒಂದು ಪಟ್ಟಿ ದಾಟುತ್ತದೆ. ನಮ್ಮ ಹೀಲಿಯಂ-ನಿಯಾನ್ ಲೇಸರಿನ ತರಂಗಾಂತರ 632.8 ನ್ಯಾನೊಮೀಟರ್. ಅಂದ್ರೆ ಸ್ಕ್ರೂಗೇಜಿನ ಒಂದೇ ಒಂದು ಗೆರೆಯಷ್ಟು, ಬರೀ 0.01 ಮಿ.ಮೀ. ಕನ್ನಡಿ ಸರಿಸಿದರೂ 31ಕ್ಕಿಂತ ಜಾಸ್ತಿ ಪಟ್ಟಿ ದಾಟಿಹೋಗುತ್ತವೆ!

ಅಷ್ಟು ಸೂಕ್ಷ್ಮ ಅಂದ ಮೇಲೆ ಎಲ್ಲವೂ ಅದಕ್ಕೆ ತಟ್ಟುತ್ತದೆ, ಅಲ್ವಾ? ಸಿಗ್ನಲ್ ಬಿಟ್ಟು ಬಸ್ ಹೊರಟರೆ ಪಟ್ಟಿಗಳೆಲ್ಲ ಕಲಸಿಹೋಗುತ್ತಿದ್ದವು. ಈ ಉಪಕರಣ ರೂಪಿಸಿದ ಭೌತವಿಜ್ಞಾನಿ ಮೈಕೆಲ್ಸನ್‌ಗೂ ಇದೇ ಕಾಟ. 1881ರಲ್ಲಿ ಬರ್ಲಿನ್‌ನ ರಸ್ತೆ ಸಂಚಾರ ತಾಳಲಾರದೆ ಉಪಕರಣವನ್ನು ಪಾಟ್ಸ್‌ಡ್ಯಾಮ್‌ಗೆ ಸಾಗಿಸಿದರು. 1887ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ರಸಾಯನವಿಜ್ಞಾನಿ ಮಾರ್ಲಿ ಜೊತೆ ಸೇರಿ ಕಲ್ಲಿನ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಸಿದರು. ಹುಡುಕಿದ ಈಥರ್, ಅಂದ್ರೆ ಬೆಳಕನ್ನು ಹೊತ್ತೊಯ್ಯುತ್ತದೆ ಅಂತ ಆಗ ನಂಬಿದ್ದ ಮಾಧ್ಯಮ, ಸಿಗಲಿಲ್ಲ, ಭೌತಶಾಸ್ತ್ರದ ದಿಕ್ಕೇ ಬದಲಾಯಿತು. ‘ಇಲ್ಲ’ ಅನ್ನುವ ಆ ಉತ್ತರಕ್ಕೆ ಅಷ್ಟು ತೂಕ ಬಂದಿದ್ದು ಆ ಕಲ್ಲು ಅದುರದೆ ಇದ್ದಿದ್ದಕ್ಕೇ ಅಂತ ನನಗನ್ನಿಸುತ್ತದೆ.

ಪಾದರಸ ವಿಷ, ಲ್ಯಾಬಿನಲ್ಲಿ ಬೇಡವೇ ಬೇಡ. ಜಿಗಣಿಯಿಂದ ದಪ್ಪನೆಯ ಗ್ರಾನೈಟ್ ತುಂಡು ತಂದೆ, ಜೆ.ಸಿ. ರಸ್ತೆಯಿಂದ ಸ್ಕೂಟರ್ ಟ್ಯೂಬ್. ಟ್ಯೂಬಿಗೆ ಗಾಳಿ ಕಡಿಮೆ ಹಾಕಬೇಕು, ಬಿಗಿಯಾದರೆ ನೆಲದ ಅದುರು ಸೀದಾ ಮೇಲೆ ಬರುತ್ತದೆ. ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಕನ್ನಡಿಗಳು. ಫ್ಯಾನ್ ಆಫ್ ಮಾಡಿ, ಸುತ್ತ ರಟ್ಟು ಮುಚ್ಚಿದೆ. ಪಟ್ಟಿಗಳು ನಿಂತವು. ಈಗ ಕಿರಣದ ಕೆಳಗೆ ಸುಮ್ನೆ ಅಂಗೈ ಹಿಡಿದರೆ ಸಾಕು, ಕೈಯ ಬಿಸಿಗೆ ಮೇಲೇಳುವ ಗಾಳಿಗೇ ಪಟ್ಟಿಗಳು ಬಾಗುತ್ತವೆ. ಮಕ್ಕಳು ‘ಇನ್ನೊಂದ್ಸಲ ಸಾರ್’ ಅಂತಾರೆ.

ಈ ಸೆಮಿಸ್ಟರ್ ಗಾಳಿಯ ವಕ್ರೀಭವನಾಂಕ, ಅಂದ್ರೆ ನಿರ್ವಾತಕ್ಕಿಂತ ಗಾಳಿಯಲ್ಲಿ ಬೆಳಕು ಎಷ್ಟು ನಿಧಾನ ಅನ್ನುವುದನ್ನು ಅಳೆಯುತ್ತಿದ್ದೇವೆ. ಒಂದು ಕಿರಣದ ದಾರಿಯಲ್ಲಿ 10 ಸೆಂ.ಮೀ. ಕೊಳವೆ ಇಟ್ಟು ಪಂಪಿನಿಂದ ಗಾಳಿ ಹೀರಿದಷ್ಟೂ ಪಟ್ಟಿಗಳು ಸರಿಯುತ್ತವೆ, ಒಬ್ಬರು ಪಂಪ್ ನೋಡಿಕೊಂಡರೆ ಇನ್ನೊಬ್ಬರು ಗಟ್ಟಿಯಾಗಿ ಎಣಿಸುತ್ತಾರೆ. ಪೂರ್ತಿ ಖಾಲಿಯಾದರೆ ಲೆಕ್ಕದ ಪ್ರಕಾರ ಸುಮಾರು 76 ಪಟ್ಟಿ ಬರಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು. ಮಂಗಳೂರಿನಲ್ಲಿ ಇದನ್ನೇ ಮಾಡಿದರೆ ಏಳೆಂಟು ಪಟ್ಟಿ ಜಾಸ್ತಿ ಸಿಗಬೇಕು. ಆ ಕಡೆಯ ಕಾಲೇಜಿನವರು ಯಾರಾದರೂ ಮಾಡಿ ನೋಡುವುದಾದರೆ ಹೇಳಿ, ಇಂಥದ್ದೇ ಕೊಳವೆ ನಾನೇ ಕಳಿಸಿಕೊಡುತ್ತೇನೆ.