ಬೀಳು ನೆಲದಲ್ಲಿ ಅಂಜನ ಹುಲ್ಲು: ನನ್ನ ಅನುಭವ

ಹುಲ್ಲು ಬಿತ್ತುತ್ತೇನೆ ಅಂದಾಗ ನಮ್ಮ ದೊಡ್ಡಪ್ಪ ನಕ್ಕುಬಿಟ್ಟರು. "ಹುಲ್ಲು ಕೀಳೋಕೆ ಕೂಲಿ ಕೊಡೋದು ನೋಡಿದ್ದೀನಿ, ಬಿತ್ತೋಕೂ ಕೊಡ್ತಾರೇನೋ?" ಅಂದರು. ಚಳ್ಳಕೆರೆ ಸೀಮೆಯ ನಮ್ಮ ಹೊಲದಲ್ಲಿ ಎರಡೆಕರೆ ಕೆಂಪು ಗರಸು ನೆಲ ಶೇಂಗಾ ಬಿತ್ತಿ ಬಿತ್ತಿ ಸೋತು ಬೀಳು ಬಿದ್ದಿತ್ತು. ಮನೆಯಲ್ಲಿ 30 ಕುರಿ. ಶಿವರಾತ್ರಿ ಕಳೆಯಿತು ಅಂದರೆ ಮೇವಿಗೆ ಪರದಾಟ.

ಅಂಜನ ಹುಲ್ಲು ಆಫ್ರಿಕಾದಿಂದ ನಮ್ಮ ರಾಜಸ್ಥಾನದವರೆಗೆ ಒಣ ನೆಲದಲ್ಲಿ ತಾನಾಗಿ ಬೆಳೆಯುವ ಕಾಡು ಹುಲ್ಲು. ಬಫೆಲ್ ಗ್ರಾಸ್ ಅಂತಲೂ ಕರೆಯುತ್ತಾರೆ. ಬೇರು ತುಂಬಾ ಆಳಕ್ಕೆ ಇಳಿಯುತ್ತೆ. ದಂಟಿನ ಬುಡ ಸ್ವಲ್ಪ ಊದಿಕೊಂಡಿರುತ್ತೆ, ಬರಗಾಲಕ್ಕೆ ಬೇಕಾದ ಆಹಾರವನ್ನು ಅಲ್ಲೇ ಕೂಡಿಟ್ಟುಕೊಳ್ಳುತ್ತೆ. ಬೇಸಿಗೆಯಲ್ಲಿ ನೋಡಿದರೆ ಸತ್ತೇ ಹೋಗಿದೆ ಅನ್ನಿಸಬೇಕು, ಹಾಗೆ ಒಣಗಿ ನಿಂತಿರುತ್ತೆ. ಒಂದು ಹದ ಮಳೆ ಬಿದ್ದರೆ ಸಾಕು, ಬುಡದಲ್ಲಿ ಹಸಿರು ಚಿಗುರು.

ಮೊದಲ ವರ್ಷ ನಾನು ಪೂರ್ತಿ ಸೋತೆ. ತಪ್ಪು ನನ್ನದೇ. ಆಗಷ್ಟೇ ಒಕ್ಕಿದ ಬೀಜ ತಂದು, ರಾಗಿ ಬಿತ್ತಿದ ಹಾಗೆ ಕೂರಿಗೆಯಲ್ಲಿ ಆಳಕ್ಕೆ ಬಿಟ್ಟೆ. ಎರಡೆಕರೆಯಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಮೊಳಕೆ. ಇದರ ಬೀಜಕ್ಕೆ ನಿದ್ದೆ ಜಾಸ್ತಿ. ಕೊಯ್ದ ಮೇಲೆ ಆರು ತಿಂಗಳಾದರೂ ಇಡಬೇಕು, ವರ್ಷ ಕಳೆದರೆ ಇನ್ನೂ ಒಳ್ಳೆಯದು. ಚೀಲದ ತಳದಲ್ಲಿ ಉಳಿದಿದ್ದ ಅದೇ ಬೀಜವನ್ನು ಮುಂದಿನ ವರ್ಷ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ನೋಡಿದೆ. 100ಕ್ಕೆ 40ರ ಮೇಲೆ ಮೊಳೆತಿದ್ದವು!

ಬೀಜ ಅನ್ನೋದಕ್ಕಿಂತ ಅದನ್ನು ಕೂದಲಿನ ಉಂಡೆ ಅನ್ನಬೇಕು. ತೆನೆ ನೇರಳೆ ಬಣ್ಣದ ನರಿಬಾಲದ ಹಾಗಿರುತ್ತೆ. ಅಂಗೈಯಲ್ಲಿ ಹಾಕಿ ಉಜ್ಜಿದರೆ ಕೂದಲೆಲ್ಲ ಉದುರಿ ಸಾಸಿವೆಯಷ್ಟು ಕಾಳು ಸಿಗಬಹುದು, ಏನೂ ಇಲ್ಲದ ಪೊಳ್ಳೂ ಆಗಬಹುದು. ಗಾಳಿಯಲ್ಲಿ ಎರಚಿದರೆ ಪಕ್ಕದವರ ಹೊಲಕ್ಕೇ ಹೋಗುತ್ತೆ. ಅದಕ್ಕೇ ಎರಡನೇ ಸಲ ಎಕರೆಗೆ 2 ಕೆಜಿ ಬೀಜಕ್ಕೆ ಜೇಡಿಮಣ್ಣು, ಸಗಣಿ, ಸ್ವಲ್ಪ ಮರಳು ಕಲಸಿ ಸಣ್ಣ ಉಂಡೆ ಮಾಡಿದೆವು. ಅಮ್ಮ, ನನ್ನ ಹೆಂಡತಿ, ಪಕ್ಕದ ಮನೆಯ ಹುಡುಗರು, ಎಲ್ಲ ಸೇರಿ ಮೂರು ದಿನ. ಆರಿದ್ರ ಮಳೆ ಬಂದ ಮೇಲೆ ಎರಡು ಅಡಿಗೊಂದು ಗೆರೆ ಎಳೆದು ಉದುರಿಸಿ, ಮೇಲೆ ಜಾಲಿ ಕೊಂಬೆ ಎಳೆದೆ. ಅಷ್ಟೇ ಮಣ್ಣು ಮುಚ್ಚಬೇಕು, ಒಂದು ಸೆಂಟಿಮೀಟರ್ ಸಾಕು.

ಮೊದಲ ಎರಡು ತಿಂಗಳು ತಾಳ್ಮೆ ಬೇಕು. ಸಸಿ ಕೂದಲೆಳೆಯ ಹಾಗೆ ಇರುತ್ತೆ, ಕಳೆ ನುಂಗಿಬಿಡುತ್ತೆ. ಎರಡು ಸಲ ಕೈಯಲ್ಲೇ ಕಳೆ ತೆಗೆಸಿದೆ. ಹುಲ್ಲಿನ ಮಧ್ಯೆ ಹುಲ್ಲು ಗುರುತಿಸೋದು ಕೂಲಿಯವರಿಗೂ ಕಷ್ಟ, ಒಂದಷ್ಟು ನಮ್ಮದೇ ಸಸಿ ಕಳೆಯ ಗುಡ್ಡೆಗೆ ಹೋಯಿತು. ಖಾಲಿ ಬಿದ್ದ ಕಡೆ ಮುಂದಿನ ಮುಂಗಾರಿನಲ್ಲಿ ಬಲಿತ ಬುಡ ಸೀಳಿ ನೆಟ್ಟೆ. ನಿಜ ಹೇಳಬೇಕಂದರೆ ಬೀಜಕ್ಕಿಂತ ಇದೇ ಸುಲಭ. ಸಾಲುಗಳ ನಡುವೆ ಸ್ಟೈಲೋ ಹಾಕಿದ್ದೇನೆ. ಅದು ದ್ವಿದಳ, ಕುರಿಗೂ ಒಳ್ಳೆಯದು, ನೆಲಕ್ಕೂ ಒಳ್ಳೆಯದು.

ಮೊದಲ ವರ್ಷ ಕುರಿ ಒಳಗೆ ಬಿಡಲೇ ಇಲ್ಲ. ಬೇರು ಕೂತಿರಲ್ಲ, ಜಗ್ಗಿದರೆ ಬುಡಸಮೇತ ಬರುತ್ತೆ. ಈಗ ಹೂ ಬಿಡುವ ಹೊತ್ತಿಗೆ ಅರ್ಧ ಗೇಣು ಬುಡ ಬಿಟ್ಟು ಕೊಯ್ಯುತ್ತೇವೆ. ತೆನೆ ಬಲಿಯಲಿ ಅಂತ ಕಾದರೆ ದಂಟು ಒರಟಾಗಿ, ಕುರಿ ಎಲೆ ಮಾತ್ರ ತಿಂದು ಉಳಿದದ್ದು ತುಳಿದುಹಾಕುತ್ತವೆ. ಮಳೆ ಚೆನ್ನಾಗಿದ್ದ ವರ್ಷ ಎರಡು ಕೊಯ್ಲು, ಕೈಕೊಟ್ಟ ವರ್ಷ ಒಂದು. ಹೊಲದ ತಗ್ಗಿನ ಮೂಲೆಯಲ್ಲಿ ಎರೆಮಣ್ಣು, ನೀರು ನಿಲ್ಲುತ್ತೆ. ಅಲ್ಲಿ ಮೂರು ಸಲ ನೆಟ್ಟರೂ ಕೊಳೆಯಿತು, ಸುಮ್ನೆ ಬಿಟ್ಟೆ.

ಒಂದು ಎಚ್ಚರ. ಆಸ್ಟ್ರೇಲಿಯಾ, ಅರಿಜೋನಾದಲ್ಲಿ ಇದೇ ಹುಲ್ಲು ಹೊರಗಿಂದ ಬಂದು ಹಬ್ಬಿ, ಒಣಗಿದಾಗ ಬೆಂಕಿಗೆ ಸೌದೆಯಾಗಿ ಅಲ್ಲಿಯ ಗಿಡಮರಗಳಿಗೆ ಕಂಟಕವಾಗಿದೆ. ನಮ್ಮಲ್ಲಿ ಕುರಿಗಳೇ ಅದಕ್ಕೆ ಅವಕಾಶ ಕೊಡಲ್ಲ. ಆದರೂ ಬದುವಿನಾಚೆ ಹುಟ್ಟಿದ್ದನ್ನು ಕಿತ್ತು ತರುತ್ತೇನೆ, ಪಕ್ಕದವರದು ಶೇಂಗಾ ಹೊಲ ಅಲ್ವಾ.

ಹೋದ ತಿಂಗಳು ದೊಡ್ಡಪ್ಪ ಚೀಲ ಹಿಡಿದು ಬೀಜಕ್ಕೆ ಬಂದಿದ್ದರು. ಹೊಸ ಬೀಜದ ಚೀಲಕ್ಕೇ ಕೈ ಹಾಕಿದರು. ಅದನ್ನು ಬಿಡಿಸಿ, ಅಟ್ಟದ ಮೇಲಿದ್ದ ಹಳೇದನ್ನು ಇಳಿಸಿ ಕೊಟ್ಟೆ.